ಐವತ್ತಕ್ಕಿಂತ ಕಡಿಮೆ

ಎಡಗೈಯಿಂದ ರಕ್ತ ಹೊರಡುತ್ತದೆ,
ಯಂತ್ರದೊಳಗೆ ಗಿರಗಿರ ಸುತ್ತಿ
ಬಲಗೈಗೆ ಮರಳುತ್ತದೆ.
ನಡುವೆ ಚೀಲವೊಂದರಲ್ಲಿ ಉಳಿಯುವುದು
ಮೆಕ್ಕೆಜೋಳದ ಅಂಬಲಿಗೆ
ಹನಿ ರಕ್ತ ಬಿದ್ದಂಥ ಬಣ್ಣದ್ದು.
ಮೂರು ಗಂಟೆ ಕೈ ಮಡಚುವಂತಿಲ್ಲ.
ಮೂಗು ತುರಿಸಿದರೆ ವುಸುಮುಜಿಯನ್ನೇ ಕರೆಯಬೇಕು.
ಮಗನ ವಯಸ್ಸಿನವನು, ನಾಚುತ್ತ ಕೆರೆಯುತ್ತಾನೆ.

"ಇದರಲ್ಲಿ ಎಷ್ಟು ಕೋಶ?"
"ನೂರಾರು ಕೋಟಿ, ಮಾ."
"ಅದು ಇರುವುದು?"
"ಹತ್ತು ಲಕ್ಷಕ್ಕೆ ಒಂದರಲ್ಲಿ. ಅದಕ್ಕೂ ಕಡಿಮೆ."
"ಮುಖ ನೋಡಿದರೆ ತಿಳಿಯದೆ?"
"ಮಲಗಿದವರೆಲ್ಲ ಒಂದೇ ಥರ ಇರುತ್ತಾರೆ, ಮಾ."

ನಾನು ಉಮ್ಲಾಜಿಯಲ್ಲಿ ಶಾಲೆಯ ಅಂಗಿ ಹೊಲಿಯುವವಳು.
ಮೂವತ್ತು ವರ್ಷದಿಂದ ಬಿಳಿ ಅಂಗಿ, ಬೂದು ಲಂಗ.
ಹಾಗಾಗಿ ಅವನ ಮಾತು ನನಗೆ ಅರ್ಥವಾದದ್ದು ಹೀಗೆ:
ಇದು ಬಿಚ್ಚಿ ಎಸೆಯಬಹುದಾದ ತೇಪೆಯಲ್ಲ,
ನೇಯ್ಗೆಯೊಳಗೆ ಸೇರಿಹೋದ ಎಳೆ.
ಎಳೆದರೆ ಬಟ್ಟೆಯೇ ಬರುತ್ತದೆ.

ಮಾತ್ರೆಯನ್ನು ದೂರುವವಳಲ್ಲ ನಾನು.
ರಾತ್ರಿ ಎಂಟಕ್ಕೆ, ಪಕ್ಕದ ಮನೆಯ ಟೀವಿಯಲ್ಲಿ ವಾರ್ತೆ ಶುರುವಾದಾಗ,
ಒಂದು. ನೀರಿನ ಜೊತೆ.
ಬರೆಯುವ ಕೈಯನ್ನು ಹಿಡಿದು ನಿಲ್ಲಿಸುತ್ತದೆ ಅದು.
ಬರೆದಾದದ್ದನ್ನು ಅಳಿಸುವುದು ಅದರ ಕೆಲಸವಲ್ಲ.

ನನ್ನ ತಂಗಿ ಖೇತಿವೆಗೆ ಅಷ್ಟೂ ಸಿಗಲಿಲ್ಲ.
ಅವಳು ಹೋದದ್ದು ಮಾರ್ಚಿನಲ್ಲಿ,
ಔಷಧ ನಮ್ಮ ಕ್ಲಿನಿಕ್ಕಿಗೆ ಬಂದದ್ದು ಮರುವರ್ಷ.
ಕೊನೆಕೊನೆಗೆ ತಿಂಗಳಿಗೊಮ್ಮೆ ಅವಳ ಅಂಗಿ ಕಿರಿದು ಮಾಡುತ್ತಿದ್ದೆ,
ಎರಡೂ ಪಕ್ಕಕ್ಕೆ ಒಂದೊಂದು ಬೆರಳು.
ಕ್ಷಯ ಅಂದರು ಕೇರಿಯವರು.
ನಾವೂ ಹೌದೆಂದೆವು.

ಕಾಗದದಲ್ಲಿ ಬರೆದಿರುತ್ತದೆ: ಐವತ್ತಕ್ಕಿಂತ ಕಡಿಮೆ.
ಮೊದಲ ಸಲ ಅದನ್ನು ಓದಿದ ದಿನ
ಕೋಳಿ ಕೊಯ್ದು ಅಕ್ಕಪಕ್ಕದವರನ್ನೆಲ್ಲ ಕರೆದೆ,
ಏತಕ್ಕೆಂದು ಹೇಳಲಿಲ್ಲ.
ಕಾಣುವುದಿಲ್ಲ ಅನ್ನುವುದಕ್ಕೂ ಇಲ್ಲ ಅನ್ನುವುದಕ್ಕೂ ನಡುವೆ
ಎಷ್ಟು ಜಾಗ ಇದೆಯೆಂದು ಆಗ ಗೊತ್ತಿರಲಿಲ್ಲ.

ಗೊತ್ತಾದದ್ದು ಏಪ್ರಿಲ್ಲಿನ ನೆರೆಯಲ್ಲಿ.
ಗುಡ್ಡ ಜಾರಿ ಅಡುಗೆಮನೆ ಹೋಯಿತು, ಹೊಲಿಗೆ ಯಂತ್ರ ಹೋಯಿತು,
ಮಾತ್ರೆಯ ಡಬ್ಬಿ ಕೆಸರುನೀರಿನಲ್ಲಿ
ಗಿಲಿಕೆಯ ಹಾಗೆ ಸದ್ದು ಮಾಡುತ್ತ ಹೋಯಿತು.
ಸೇತುವೆಯಿಲ್ಲ, ಕ್ಲಿನಿಕ್ಕಿಗೆ ದಾರಿಯಿಲ್ಲ.
ಶಾಲೆಯ ನೆಲದ ಮೇಲೆ ಮಲಗಿದೆವು,
ನಾನು ಹೊಲಿದ ಅಂಗಿಗಳು ನನ್ನ ಸುತ್ತ ನಿದ್ದೆಗಣ್ಣಲ್ಲಿ ಅಳುತ್ತಿದ್ದವು.
ಇಪ್ಪತ್ತಾರು ದಿನ.
ಮೈಗೆ ಏನೂ ಆಗಲಿಲ್ಲ. ಹಸಿವು, ಕೆಮ್ಮು, ಎಲ್ಲರಿಗಿದ್ದಷ್ಟೇ.
ಕಾಗದದಲ್ಲಿ ಮಾತ್ರ
ನಲವತ್ತೊಂದು ಸಾವಿರ.

ಹನ್ನೆರಡು ವರ್ಷ ಒಂದು ರಾತ್ರಿ ತಪ್ಪಿಸಿದವಳಲ್ಲ.
ಎಲ್ಲಿತ್ತಪ್ಪಾ ಇಷ್ಟು ದಿನ?

ನೆನಪಿಟ್ಟುಕೊಳ್ಳುವ ಕೋಶಗಳಲ್ಲಿ, ಅಂದ ವುಸುಮುಜಿ.
ಚಿಕ್ಕಂದಿನ ದಡಾರ, ಎಂದೋ ಬಂದುಹೋದ ಜ್ವರ,
ಹಗೆಗಳ ಮುಖವನ್ನೆಲ್ಲ ಗುರುತಿಟ್ಟು
ದಶಕಗಟ್ಟಲೆ ಸುಮ್ಮನೆ ಕಾಯುತ್ತವಂತೆ.
ಬೇಗ ಸಾಯುವುದಿಲ್ಲ, ಸಾಯಬಾರದೆಂದೇ ಇರುವಂಥವು.
ಒಮ್ಮೊಮ್ಮೆ ಒಂದು ಎರಡಾಗುತ್ತದೆ, ಎರಡು ನಾಲ್ಕು.
ಒಳಗಿನ ಎಳೆಯೂ ಅಳತೆ ತಪ್ಪದೆ
ಎರಡಾಗುತ್ತದೆ, ನಾಲ್ಕಾಗುತ್ತದೆ,
ಕಣ್ಣು ಬಿಡುವುದಿಲ್ಲ.

ನನಗೆ ನಗು ಬಂತು.
ಸೂಜಿ ಜರುಗೀತೆಂದು ಹುಡುಗ ಹೆದರಿದ.
ಅಡಗಲು ಅದಕ್ಕೆ ಬೇರೆಲ್ಲೂ ಸಿಗಲಿಲ್ಲವೆ, ಮಗನೆ?
ನಾನು ಬಚ್ಚಿಟ್ಟದ್ದೂ ಅಲ್ಲೇ:
ಖೇತಿವೆಯ ಕೊನೆಯ ತಿಂಗಳ ಎದೆಯಳತೆ,
ಆ ಕೋಳಿಯೂಟದ ಕಾರಣ.

ಚೀಲದ ಮೇಲೆ ಹೆಸರಿಲ್ಲ, ಒಂದು ಸಂಖ್ಯೆ.
ಎಬ್ಬಿಸಿ ಕೊಲ್ಲುವುದೋ,
ಏಳದ ಹಾಗೆ ಹೊರಗಿನಿಂದ ಚಿಲಕ ಹಾಕುವುದೋ,
ದೊಡ್ಡವರಲ್ಲಿ ಇನ್ನೂ ತೀರ್ಮಾನವಾಗಿಲ್ಲವಂತೆ.
ಅಲ್ಲಿಯವರೆಗೆ ಎಂಟು ಗಂಟೆ ಇದೆ.

ಎರಡೂ ಮೊಣಕೈಗೆ ಪಟ್ಟಿ, ಬೆರಳಲ್ಲಿ ಬಲವಿಲ್ಲ.
ಡಬ್ಬಿಯ ಮುಚ್ಚಳ ತಿರುಗಿಸಲು
ಪಕ್ಕದ ಮನೆಯ ಹುಡುಗಿಯನ್ನು ಕರೆದೆ.
ಕಾಲರು ಮಡಚಿಕೊಂಡಿತ್ತು, ನನ್ನದೇ ಹೊಲಿಗೆ.
ಏನಿದು ಮಾತ್ರೆ, ಗೋಗೋ? ಅಂದಳು.
ಗೋಡೆಯಾಚೆ ವಾರ್ತೆ ಶುರುವಾಗಿತ್ತು.
ಹೇಳಿದೆ.